ಬ್ಯಾಟರಿ ಕಸಿ ಕತ್ತರಿಯ ಹಲ್ಲು ಯಾಕೆ ಮುರಿಯುತ್ತದೆ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ರೋಬಸ್ಟಾ ಕಾಫಿ ತೋಟ. ಕಸಿಗೆ, ಅಂದರೆ ಗಿಡದ ಕೊಂಬೆ ಸವರುವುದಕ್ಕೆ, ಆಳು ಸಿಗುವುದು ಕಷ್ಟವಾಗಿ ಆನ್‌ಲೈನ್‌ನಲ್ಲಿ 21 ವೋಲ್ಟ್‌ನ ಬ್ಯಾಟರಿ ಕತ್ತರಿ ತರಿಸಿದೆ. 30 ಮಿ.ಮೀ. ಕೊಂಬೆ ಕತ್ತರಿಸುತ್ತದೆ ಅಂತ ಡಬ್ಬದ ಮೇಲೆ ಇತ್ತು. ಮೊದಲ ವರ್ಷ ಚೆನ್ನಾಗಿತ್ತು. ಈ ಸಲ ಕಟಕಟ ಸದ್ದು ಮಾಡಿ ಬ್ಲೇಡ್ ಅರ್ಧಕ್ಕೇ ನಿಲ್ಲುತ್ತಿದೆ. ಬಿಚ್ಚಿ ನೋಡಿದರೆ ಗೇರಿನ ಹಲ್ಲು ಮುರಿದಿದೆ. ಪೇಟೆಯ ಮೆಕ್ಯಾನಿಕ್ "ಮೋಟರ್ ವೀಕು, ದೊಡ್ಡದು ಹಾಕಿಸಿ" ಅನ್ನುತ್ತಾರೆ. ಮೆಕ್ಯಾನಿಕಲ್ ಓದುತ್ತಿರುವ ಮಗ ತನ್ನ ಪ್ರಾಜೆಕ್ಟ್‌ಗೆ ಇಂಥದ್ದೇ ಒಂದನ್ನು ಮಾಡುತ್ತೇನೆ ಅನ್ನುತ್ತಿದ್ದಾನೆ. ಇದರೊಳಗೆ ನಡೆಯುವುದೇನು? ದೊಡ್ಡ ಮೋಟರ್ ಹಾಕಿದರೆ ಸರಿಹೋಗುತ್ತದಾ? ಮರಗಸಿಗೂ (ನೆರಳು ಮರದ ಕೊಂಬೆ ಕಡಿಯುವುದಕ್ಕೂ) ಇಂಥದ್ದು ಸಿಗುತ್ತದಾ?

ಉತ್ತರ: ದೊಡ್ಡ ಮೋಟರ್ ಹಾಕಿಸಬೇಡಿ. ಹಾಕಿಸಿದರೆ ಮುಂದಿನ ಗೇರ್ ಇನ್ನೂ ಬೇಗ ಹೋಗುತ್ತದೆ. ಮೋಟರ್ ವೀಕ್ ಆಗಿದ್ದರೆ ಕತ್ತರಿ ಸುಮ್ನೆ ನಿಲ್ಲುತ್ತಿತ್ತು, ಹಲ್ಲು ಮುರಿಯುತ್ತಿರಲಿಲ್ಲ. ಹಲ್ಲು ಮುರಿದಿದೆ ಅಂದರೆ ಅದು ತಡೆಯುವುದಕ್ಕಿಂತ ಜಾಸ್ತಿ ಬಲ ಅಲ್ಲಿಗೆ ಬಂದಿದೆ. ಆ ಬಲ ಎಲ್ಲಿಂದ ಬಂತು ಅನ್ನುವುದನ್ನು ಮೊದಲು ಹುಡುಕಬೇಕು.

ಮುರಿದ ಗೇರನ್ನು ಒರೆಸಿ ಬಿಸಿಲಿಗೆ ಹಿಡಿದು ನೋಡಿ. ಬ್ಲೇಡಿನ ಹಿಂಭಾಗದಲ್ಲಿ ಅರ್ಧಚಂದ್ರದ ಆಕಾರದ ಗೇರ್ ಇರುತ್ತದೆ, ಅದಕ್ಕೆ ಕಚ್ಚಿಕೊಂಡು ಒಂದು ಪುಟ್ಟ ಬೆವೆಲ್ ಗೇರ್ (ಓರೆ ಮುಖದ, ತಿರುಗುವ ದಿಕ್ಕು ಬದಲಿಸುವ ಗೇರ್). ಅರ್ಧಚಂದ್ರದ ನಡುವಿನ ಹಲ್ಲುಗಳು ಬುಡಸಮೇತ ಹೋಗಿದ್ದರೆ ಕೊಂಬೆ ದಪ್ಪ ಜಾಸ್ತಿಯಾಗಿದೆ. ಕೊನೆಯ ಒಂದೆರಡು ಹಲ್ಲು ಮಾತ್ರ ಹೋಗಿದ್ದರೆ ಬ್ಲೇಡ್ ಪೂರ್ತಿ ಮುಚ್ಚಿದ ಮೇಲೂ ಮೋಟರ್ ತಳ್ಳುತ್ತಲೇ ಇತ್ತು. ಬ್ಲೇಡ್ ಬದಲಿಸಿದಾಗ ಗೇರಿನ ಗುರುತು ಕೂಡಿಸದೆ ಜೋಡಿಸಿದರೆ ಹೀಗಾಗುವುದು ಮಾಮೂಲು. ಹಲ್ಲಿನ ಒಂದು ಮೂಲೆ ಮಾತ್ರ ಚಕ್ಕೆ ಎದ್ದಿದ್ದರೆ ಎರಡು ಗೇರ್ ನೇರವಾಗಿ ಕೂತಿರಲಿಲ್ಲ. ಅಂದರೆ ಬ್ಲೇಡ್ ಅಡ್ಡಕ್ಕೆ ಅಲುಗಾಡುತ್ತಿತ್ತು. ನನ್ನ ಕೈಗೆ ಬಂದ ಕತ್ತರಿಗಳಲ್ಲಿ ಈ ಮೂರನೆಯದೇ ಜಾಸ್ತಿ. ಯಾಕೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಈಗ ಒಳಗಿನ ಸಂಗತಿ. ಬ್ಯಾಟರಿಯಿಂದ ಕರೆಂಟು ಬ್ರಷ್‌ಲೆಸ್ ಮೋಟರ್‌ಗೆ ಹೋಗುತ್ತದೆ. ಮೋಟರ್ ನಿಮಿಷಕ್ಕೆ ಹದಿನೈದು–ಇಪ್ಪತ್ತು ಸಾವಿರ ಸುತ್ತು ತಿರುಗುವ ಚಿಕ್ಕ ಜೀವ, ಅದಕ್ಕೆ ವೇಗ ಇದೆ, ಬಲ ಇಲ್ಲ. ಮುಂದೆ ಪ್ಲಾನೆಟರಿ ಗೇರ್‌ಗಳು ವೇಗವನ್ನು ಇಳಿಸಿ ಬಲವನ್ನು ಏರಿಸುತ್ತವೆ. ಅಲ್ಲಿಂದ ಬ್ಲೇಡಿಗೆ ಹೋಗಲು ಎರಡು ದಾರಿ. ಕಡಿಮೆ ಬೆಲೆಯವುಗಳಲ್ಲಿ ನಿಮ್ಮದರ ಹಾಗೆ ಬೆವೆಲ್ ಗೇರ್. ದುಬಾರಿ ಕತ್ತರಿಗಳಲ್ಲಿ ಬಾಲ್ ಸ್ಕ್ರೂ: ಸ್ಕ್ರೂ ತಿರುಗಿದ ಹಾಗೆ ಅದರ ಮೇಲಿನ ನಟ್ ಹಿಂದೆ ಮುಂದೆ ಸರಿಯುತ್ತದೆ, ನಟ್‌ಗೆ ಕಟ್ಟಿದ ಚಿಕ್ಕ ಪಟ್ಟಿ ಬ್ಲೇಡಿನ ಬಾಲವನ್ನು ಎಳೆಯುತ್ತದೆ.

ಮಗನಿಗೂ ಉಪಯೋಗ ಆಗಲಿ, ಒಂದು ಲೆಕ್ಕ ಮಾಡೋಣ. ಒಂದು ಕೊಂಬೆಗೆ ಬ್ಲೇಡಿನ ಅಂಚಿನಲ್ಲಿ 1000 ನ್ಯೂಟನ್, ಅಂದರೆ ಹೆಚ್ಚುಕಡಿಮೆ 100 ಕೆ.ಜಿ. ಒತ್ತಡ ಬೇಕು ಅಂದುಕೊಳ್ಳಿ. ಕೊಂಬೆ ನಡುವಿನ ಬೋಲ್ಟಿನಿಂದ 40 ಮಿ.ಮೀ. ದೂರದಲ್ಲಿದೆ. ಹಾಗಾದರೆ ಬೋಲ್ಟಿನ ಸುತ್ತ ಬೇಕಾದ ಟಾರ್ಕ್, ಅಂದರೆ ತಿರುಗಿಸುವ ಬಲ, 40 ನ್ಯೂಟನ್-ಮೀಟರ್. ಅರ್ಧಚಂದ್ರ ಗೇರಿನ ತ್ರಿಜ್ಯ 20 ಮಿ.ಮೀ. ಇದ್ದರೆ ಹಲ್ಲಿನ ಮೇಲೆ 2000 ನ್ಯೂಟನ್ ಬೀಳುತ್ತದೆ. ಬೆರಳುಗುರಿನಷ್ಟು ಅಗಲವೂ ಇಲ್ಲದ ಒಂದೆರಡು ಹಲ್ಲಿನ ಮೇಲೆ 200 ಕೆ.ಜಿ.! ಇದು ಎಲ್ಲ ಸರಿಯಾಗಿ ನಡೆದಾಗಿನ ಮಾತು.

ಇದಕ್ಕೆ ಬೇಕಾದ ಪವರ್ ಎಷ್ಟು? ಬ್ಲೇಡ್ ಅರ್ಧ ಸೆಕೆಂಡಿನಲ್ಲಿ 50 ಡಿಗ್ರಿ ಮುಚ್ಚುತ್ತದೆ ಅಂದರೆ ಸೆಕೆಂಡಿಗೆ 1.75 ರೇಡಿಯನ್. ಅದನ್ನು 40ರಿಂದ ಗುಣಿಸಿದರೆ 70 ವ್ಯಾಟ್. ಗೇರು, ಬೇರಿಂಗ್, ಮೋಟರ್ ಎಲ್ಲ ಸೇರಿ ನೂರಕ್ಕೆ 40 ಭಾಗ ತಿಂದರೂ ಬ್ಯಾಟರಿಯಿಂದ ಸುಮಾರು 120 ವ್ಯಾಟ್ ಸಾಕು. 18 ವೋಲ್ಟ್‌ನಲ್ಲಿ ಆರೇಳು ಆಂಪಿಯರ್. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಮೋಟರ್ ಇದನ್ನು ಆರಾಮಾಗಿ ಕೊಡುತ್ತದೆ. ಆದ್ದರಿಂದ ಪವರ್ ಸಾಲದು ಅನ್ನುವ ದೂರಿಗೆ ಇಲ್ಲಿ ಜಾಗವೇ ಇಲ್ಲ.

ಹಾಗಾದರೆ ಹಲ್ಲು ಮುರಿಯುವ ಬಲ ಎಲ್ಲಿಂದ ಬಂತು? ಮೋಟರಿನೊಳಗೆ ತಿರುಗುವ ಭಾಗವಾದ ರೋಟರ್‌ನಿಂದ. ನಿಮಿಷಕ್ಕೆ 18,000 ಸುತ್ತು ತಿರುಗುವ ಚಿಕ್ಕ ರೋಟರ್‌ನಲ್ಲೂ ನಾಲ್ಕೈದು ಜೂಲ್ ಚಲನ ಶಕ್ತಿ ಕೂತಿರಬಹುದು. ಬ್ಲೇಡ್ ಗಟ್ಟಿ ಗಂಟಿಗೆ ಬಡಿದು ಥಟ್ಟನೆ ನಿಂತಿತು ಅನ್ನಿ. ಮೋಟರನ್ನು ನಡೆಸುವ ಸರ್ಕ್ಯೂಟ್, ಅಂದರೆ ಕಂಟ್ರೋಲರ್, ಕರೆಂಟ್ ಕತ್ತರಿಸಿದರೂ ರೋಟರ್ ನಿಂತಿಲ್ಲ. ಅದರ ಶಕ್ತಿಯೆಲ್ಲ ಬ್ಲೇಡಿನ ಕೊನೆಯ ಒಂದೆರಡು ಡಿಗ್ರಿಯಲ್ಲಿ ಖಾಲಿಯಾಗಬೇಕು. 5 ಜೂಲ್ 2 ಡಿಗ್ರಿಯಲ್ಲಿ ಖಾಲಿಯಾದರೆ ಟಾರ್ಕ್ ಸರಾಸರಿ 140 ನ್ಯೂಟನ್-ಮೀಟರ್ ದಾಟುತ್ತದೆ. ನಾವು ಲೆಕ್ಕ ಹಾಕಿದ್ದು 40ಕ್ಕೆ. ಹಲ್ಲು ಹೋಗುವುದು ಈ ಏಟಿಗೆ.

ಈಗ ಮೆಕ್ಯಾನಿಕ್ ಹೇಳಿದ ದೊಡ್ಡ ಮೋಟರ್ ಹಾಕಿ ನೋಡಿ. ರೋಟರ್‌ನ ಜಡತ್ವ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಉದ್ದ ಅಷ್ಟೇ ಇಟ್ಟು ವ್ಯಾಸ ಒಂದೂವರೆ ಪಟ್ಟು ಮಾಡಿದರೆ ಜಡತ್ವ ಐದು ಪಟ್ಟು. ಅದೇ ವೇಗದಲ್ಲಿ ಏಟೂ ಐದು ಪಟ್ಟು. ಗೇರ್ ಮಾತ್ರ ಹಳೆಯದೇ. ಒಳ್ಳೆಯ ಕತ್ತರಿ ಮಾಡುವವರು ಸಣಕಲು ಉದ್ದನೆಯ ರೋಟರ್ ಹಾಕುವುದಕ್ಕೆ ಇದೂ ಒಂದು ಕಾರಣ. ಹಿಡಿಯಲು ಸಲೀಸು ಅನ್ನುವುದು ಇನ್ನೊಂದು. ಅವರ ಕಂಟ್ರೋಲರ್ ಕೂಡ ಕರೆಂಟ್ ಕತ್ತರಿಸಿ ಸುಮ್ಮನಾಗುವುದಿಲ್ಲ. ಕರೆಂಟ್ ಏರುವ ವೇಗ ನೋಡಿಯೇ ಸಿಕ್ಕಿಹಾಕಿಕೊಂಡಿದೆ ಅಂತ ತಿಳಿದು ಮೋಟರನ್ನು ಉಲ್ಟಾ ಎಳೆದು ಬ್ರೇಕ್ ಹಾಕುತ್ತದೆ.

ಇನ್ನು ಆ ಮೂರನೆಯ ಕಾರಣ, ಬ್ಲೇಡ್ ಅಡ್ಡಕ್ಕೆ ಅಲುಗಾಡುವುದು. ನನ್ನ ಮಟ್ಟಿಗೆ ಇಡೀ ಕತ್ತರಿಯ ವಿನ್ಯಾಸದಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದ ಜಾಗ ಇದು. ಅಡಕತ್ತರಿಯಲ್ಲಿ ಮೇಲಿನ ಅಲಗು ಕೆಳಗಿನ ಪಟ್ಟಿಯ ಮೇಲೆ ನೇರ ಇಳಿಯುತ್ತದೆ. ಕಸಿ ಕತ್ತರಿ ಹಾಗಲ್ಲ. ಬ್ಲೇಡ್ ಕೆಳದವಡೆಯ ಪಕ್ಕದಲ್ಲಿ ಉಜ್ಜಿಕೊಂಡು ದಾಟಿ ಹೋಗುತ್ತದೆ. ಹಸಿ ಕೊಂಬೆ ಜಜ್ಜಬಾರದು ಅಂತ ಈ ಏರ್ಪಾಟು. ಆದರೆ ಇದರಲ್ಲಿ ಬ್ಲೇಡ್ ಒತ್ತುವ ಗೆರೆ ಬೇರೆ, ದವಡೆ ಆನಿಸಿಕೊಳ್ಳುವ ಗೆರೆ ಬೇರೆ. ಕೊಂಬೆ ಆ ಎರಡರ ನಡುವೆ ತಿರುಚಿಕೊಳ್ಳಲು ನೋಡುತ್ತದೆ. ತಿರುಚಿಕೊಂಡರೆ ಬ್ಲೇಡನ್ನು ದವಡೆಯಿಂದ ದೂರ ತಳ್ಳುತ್ತದೆ. ಕೂದಲೆಳೆಯಷ್ಟು ಸಂದು ಬಿಟ್ಟರೂ ಸಾಕು, ತೊಗಟೆಯ ನಾರು ಕತ್ತರಿಸಿಕೊಳ್ಳದೆ ಮಡಚಿ ಒಳಗೆ ನುಗ್ಗುತ್ತದೆ, ಬೆಣೆಯಾಗಿ ಕೂತು ಸಂದನ್ನು ಇನ್ನಷ್ಟು ಅಗಲಿಸುತ್ತದೆ.

ಇದನ್ನು ಪರೀಕ್ಷಿಸುವುದು ಸುಲಭ. ಬೆರಳು ಗಾತ್ರದ ಹಸಿ ಚಿಗುರು ಕತ್ತರಿಸಿ. ಎರಡು ತುಂಡಿನ ನಡುವೆ ತೊಗಟೆ ದಾರದ ಹಾಗೆ ನೇತಾಡಿದರೆ ಸಂದು ಬಿದ್ದಿದೆ. ಬ್ಯಾಟರಿ ತೆಗೆದಿಟ್ಟು ನಡುವಿನ ಬೋಲ್ಟ್ ಬಿಗಿ ಮಾಡಿ. ಬ್ಲೇಡಿನ ತುದಿ ಹಿಡಿದು ಅಡ್ಡಕ್ಕೆ ಅಲುಗಿಸಿದರೆ ಆಟ ಇರಬಾರದು, ಆದರೆ ಬ್ಲೇಡ್ ಸಿಕ್ಕಿಹಾಕಿಕೊಂಡ ಹಾಗೂ ಇರಬಾರದು. ಆ ಎರಡರ ನಡುವಿನ ಬಿಗಿಯನ್ನು ಕೈಯೇ ಕಲಿಯುತ್ತದೆ. ಲಾಕ್ ಹಾಕುವುದು ಮರೆಯಬೇಡಿ, ಇಲ್ಲದಿದ್ದರೆ ಸಂಜೆಯೊಳಗೆ ಮತ್ತೆ ಸಡಿಲ. ಒಳ್ಳೆಯ ಕತ್ತರಿಯಲ್ಲಿ ಆ ಬೋಲ್ಟ್ ದಪ್ಪ ಇರುತ್ತದೆ, ಬ್ಲೇಡಿನ ಪಕ್ಕದಲ್ಲಿ ಬೇರಿಂಗ್ ಕೂತಿರುತ್ತದೆ. ಅಗ್ಗದ್ದರಲ್ಲಿ ಬರೀ ವಾಷರ್. ಅಂಗಡಿಯಲ್ಲಿ ಮೋಟರ್ ಎಷ್ಟು ವ್ಯಾಟ್ ಅಂತ ಕೇಳುವ ಬದಲು ಬೋಲ್ಟ್ ಎಷ್ಟು ದಪ್ಪ ಅಂತ ಕೇಳಿ. ಅಂಗಡಿಯವರು ನಿಮ್ಮನ್ನು ವಿಚಿತ್ರವಾಗಿ ನೋಡಬಹುದು, ಪರವಾಗಿಲ್ಲ.

ಕೊಂಬೆ ಅರ್ಧಕ್ಕೆ ಸಿಕ್ಕಾಗ ನಾವೆಲ್ಲ ಏನು ಮಾಡುತ್ತೇವೆ? ಮಣಿಕಟ್ಟು ತಿರುಗಿಸಿ ಕತ್ತರಿಯನ್ನು ಎಡಕ್ಕೆ ಬಲಕ್ಕೆ ಆಡಿಸುತ್ತೇವೆ. ಕೈಕತ್ತರಿಯಲ್ಲಿ ಅದು ನಡೆಯುತ್ತದೆ. ಬ್ಯಾಟರಿ ಕತ್ತರಿಯಲ್ಲಿ ಮೋಟರ್ ಒತ್ತುತ್ತಿರುವಾಗಲೇ ಹಾಗೆ ತಿರುಚಿದರೆ ಬ್ಲೇಡಿನ ಜೊತೆ ಅರ್ಧಚಂದ್ರ ಗೇರೂ ವಾಲುತ್ತದೆ. ಹಲ್ಲಿನ ಪೂರ್ತಿ ಅಗಲಕ್ಕೆ ಹಂಚಬೇಕಿದ್ದ 200 ಕೆ.ಜಿ. ಒಂದು ಮೂಲೆಗೆ ಬೀಳುತ್ತದೆ. ಚಕ್ಕೆ ಏಳುವುದು ಆಗಲೇ. ಸಿಕ್ಕಿಕೊಂಡರೆ ಟ್ರಿಗರ್ ಬಿಡಿ, ಬ್ಲೇಡ್ ತೆರೆದುಕೊಳ್ಳಲಿ, ಗರಗಸ ತೆಗೆದುಕೊಳ್ಳಿ. ಕೆಲಸದವರಿಗೂ ಮೊದಲು ಕಲಿಸಬೇಕಾದದ್ದು ಇದನ್ನೇ.

ಬಾಲ್ ಸ್ಕ್ರೂ ಕತ್ತರಿ ಇಲ್ಲಿ ಗೆಲ್ಲುತ್ತದೆ. ಬಲ ಹಲ್ಲಿನ ಮೇಲೆ ಬೀಳದೆ ಸಾಲು ಉಕ್ಕಿನ ಗುಂಡುಗಳ ಮೇಲೆ ಹಂಚಿಹೋಗುತ್ತದೆ. ಬ್ಲೇಡಿನ ಬಾಲಕ್ಕೂ ನಟ್‌ಗೂ ನಡುವೆ ಪಟ್ಟಿ ಇರುವುದರಿಂದ ಬ್ಲೇಡ್ ಸ್ವಲ್ಪ ವಾಲಿದರೂ ಸ್ಕ್ರೂಗೆ ಅಷ್ಟಾಗಿ ತಾಗುವುದಿಲ್ಲ. ಇನ್ನೊಂದು ಜಾಣತನ ಆ ಪಟ್ಟಿಯ ಕೋನದಲ್ಲಿದೆ. ದುಂಡು ಕೊಂಬೆಯಲ್ಲಿ ಬ್ಲೇಡ್ ನಡುಭಾಗ ತಲುಪುವ ಹೊತ್ತಿಗೆ ತಡೆ ಜಾಸ್ತಿ, ಶುರುವಿನಲ್ಲೂ ಕೊನೆಯಲ್ಲೂ ಕಡಿಮೆ. ಪಟ್ಟಿ ಬಾಲಕ್ಕೆ ಲಂಬವಾಗಿ ನಿಲ್ಲುವ ಗಳಿಗೆಯೂ ತಡೆ ಜಾಸ್ತಿಯಾಗುವ ಗಳಿಗೆಯೂ ಒಂದೇ ಆಗುವ ಹಾಗೆ ಕೂಡಿಸಿದರೆ ಚಿಕ್ಕ ಮೋಟರೇ ಸಾಕು. ಅರ್ಧಚಂದ್ರ ಗೇರಿನಲ್ಲಿ ಈ ಅನುಕೂಲ ಇಲ್ಲ, ಶುರುವಿನಿಂದ ಕೊನೆಯವರೆಗೂ ಒಂದೇ ಅನುಪಾತ.

ಬಾಲ್ ಸ್ಕ್ರೂ ಬದಲು ಮಾಮೂಲಿ ಸ್ಕ್ರೂ ಹಾಕಿದರಾಯ್ತಲ್ಲ ಅಂತ ನಿಮ್ಮ ಮಗ ಕೇಳುತ್ತಾನೆ. ಹಾಕಬಹುದು. ಬಾಲ್ ಸ್ಕ್ರೂ ಕೊಟ್ಟ ಕೆಲಸದಲ್ಲಿ ನೂರಕ್ಕೆ 90ರಷ್ಟನ್ನು ಮುಂದಕ್ಕೆ ದಾಟಿಸುತ್ತದೆ. ಮಾಮೂಲಿ ಸ್ಕ್ರೂ 30–40 ದಾಟಿಸಿದರೆ ಪುಣ್ಯ, ಉಳಿದದ್ದು ಬಿಸಿ. ಮೇಲಿನ ಲೆಕ್ಕದಲ್ಲೇ ಬಾಲದ ಉದ್ದ 25 ಮಿ.ಮೀ. ಇಟ್ಟರೆ ಸ್ಕ್ರೂ 1600 ನ್ಯೂಟನ್ ಎಳೆಯಬೇಕು. ಒಂದು ಸುತ್ತಿಗೆ 4 ಮಿ.ಮೀ. ಸರಿಯುವ ಸ್ಕ್ರೂ ಆದರೆ ಬಾಲ್ ಸ್ಕ್ರೂಗೆ ಸುಮಾರು 1.1 ನ್ಯೂಟನ್-ಮೀಟರ್ ಟಾರ್ಕ್ ಸಾಕು, ಮಾಮೂಲಿಯದಕ್ಕೆ 3ರ ಹತ್ತಿರ ಬೇಕು. ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ. ಸಿಕ್ಕಿಹಾಕಿಕೊಂಡಾಗ ಬಿಡಿಸಿಕೊಳ್ಳುವುದೂ ಕಷ್ಟ, ಮಾಮೂಲಿ ಸ್ಕ್ರೂ ಸಾಮಾನ್ಯವಾಗಿ ಹಿಂದಕ್ಕೆ ತಾನಾಗಿ ತಿರುಗುವುದಿಲ್ಲ.

ಡಬ್ಬದ ಮೇಲಿನ ಅಂಕಿಗಳ ಬಗ್ಗೆ ಎರಡು ಮಾತು. 21 ವೋಲ್ಟ್ ಅನ್ನುವುದು ಐದು ಲಿಥಿಯಂ ಸೆಲ್ ತುಂಬಿದಾಗಿನ ಅಂಕಿ, ತಲಾ 4.2 ವೋಲ್ಟ್. ಕೆಲಸ ಮಾಡುವಾಗ ಅದು 18 ವೋಲ್ಟ್ ಬ್ಯಾಟರಿಯೇ. 88, 98 ಅಂತ ದೊಡ್ಡಕ್ಷರದಲ್ಲಿ ಬರೆದ ಎಷ್ಟೋ ಅಗ್ಗದ ಬ್ಯಾಟರಿಗಳನ್ನು ಬಿಚ್ಚಿದರೆ ಅವೇ ಐದು ಸೆಲ್. 30 ಮಿ.ಮೀ. ಅನ್ನುವುದೂ ಮೆತ್ತಗಿನ ಹಸಿ ಕೊಂಬೆಗೆ, ಹೊಸ ಬ್ಲೇಡಿಗೆ. 20 ಮಿ.ಮೀ. ಕೊಂಬೆಗಿಂತ 30 ಮಿ.ಮೀ. ಕೊಂಬೆಯ ಅಡ್ಡಕೊಯ್ತದ ವಿಸ್ತೀರ್ಣ ಎರಡೂಕಾಲು ಪಟ್ಟು. ಹಳೇ ರೋಬಸ್ಟಾ ಕೊಂಬೆ ಒಣಗಿದ್ದರಂತೂ ಕೇಳುವುದೇ ಬೇಡ. ಬರೆದದ್ದರ ಮೂರನೇ ಎರಡು ಭಾಗ, ನಿಮ್ಮದಕ್ಕೆ 20 ಮಿ.ಮೀ., ಅಷ್ಟನ್ನೇ ದಿನವಿಡೀ ಕತ್ತರಿಸುವ ಮಿತಿ ಅಂದುಕೊಳ್ಳಿ. ಅದರಲ್ಲೂ ದಪ್ಪನೆಯದನ್ನು ಬಾಯಿಯ ಒಳಮೂಲೆಗೆ ತಳ್ಳಿ ಕತ್ತರಿಸಿ. ಬೋಲ್ಟಿನಿಂದ 60 ಮಿ.ಮೀ. ದೂರದಲ್ಲಿ ಬೇಕಾದ ಟಾರ್ಕ್ 30 ಮಿ.ಮೀ.ನಲ್ಲಿ ಅರ್ಧಕ್ಕೆ ಇಳಿಯುತ್ತದೆ.

ಒಳಮೂಲೆಗೆ ತಳ್ಳಿದಾಗ ಕೊಂಬೆ ಜಾರಿ ಹೊರಗೆ ಬರುತ್ತದಲ್ಲ ಅನ್ನುವಿರಿ. ಬ್ಲೇಡಿಗೂ ದವಡೆಗೂ ನಡುವಿನ ಕೋನ ಎರಡೂ ಬದಿಯ ಘರ್ಷಣೆ ಕೋನಗಳ (ಜಾರದೆ ನಿಲ್ಲುವ ಓರೆಯ ಮಿತಿಗಳ) ಮೊತ್ತ ಮೀರಿದರೆ ಜಾರಲೇಬೇಕು. ತಲಾ 15 ಡಿಗ್ರಿ ಹಿಡಿದರೆ 30 ಡಿಗ್ರಿಯೇ ಗಡಿ. ಕೆಳದವಡೆ ಗಿಣಿಯ ಕೊಕ್ಕಿನಂತೆ ಬಾಗಿರುವುದು, ಕೆಲವಕ್ಕೆ ಗೀರು ಹಾಕಿರುವುದು ಇದಕ್ಕೇ. ಬ್ಲೇಡಿನ ಅಂಚು ಬಾಗಿರುವುದಕ್ಕೆ ಇನ್ನೊಂದು ಲಾಭವೂ ಇದೆ. ಅದು ನೇರ ಒತ್ತುವುದರ ಜೊತೆಗೆ ಸ್ವಲ್ಪ ಎಳೆದುಕೊಂಡೂ ಕೊಯ್ಯುತ್ತದೆ, ಬಲ ಕಡಿಮೆ ಸಾಕು. ಬ್ಲೇಡ್ ತೆಳ್ಳಗಿದ್ದಷ್ಟೂ ಸಲೀಸಾಗಿ ಇಳಿಯುತ್ತದೆ, ಆದರೆ ಅಡ್ಡಕ್ಕೆ ಬಾಗುತ್ತದೆ. ಮೂರ್ನಾಲ್ಕು ಮಿ.ಮೀ. ದಪ್ಪದ ಕಾರ್ಬನ್ ಸ್ಟೀಲ್‌ನಲ್ಲಿ ಈ ಜಗಳ ರಾಜಿಯಾಗುತ್ತದೆ. ಕಾರ್ಬನ್ ಸ್ಟೀಲ್ ಅಂಚು ಹಿಡಿಯುತ್ತದೆ, ತುಕ್ಕೂ ಹಿಡಿಯುತ್ತದೆ. ದಿನದ ಕೊನೆಗೆ ಅಂಟು ಒರೆಸಿ ಎಣ್ಣೆ ಹಚ್ಚಿ. ದಾಳಿಂಬೆ ಬೆಳೆಯುವವರು ದುಂಡಾಣು ಅಂಗಮಾರಿ ಹರಡದಿರಲಿ ಅಂತ ಬ್ಲೇಡನ್ನು ಹೈಪೋಕ್ಲೋರೈಟ್ ದ್ರಾವಣದಿಂದ ಒರೆಸುತ್ತಾರೆ, ಅವರಿಗೆ ಈ ಎಣ್ಣೆ ಇನ್ನೂ ಮುಖ್ಯ.

ಕೊಯ್ಯುವಾಗ ಬ್ಲೇಡ್ ಗಿಡದ ಕಡೆ, ಕೊಕ್ಕು ಬಿಸಾಡುವ ತುಂಡಿನ ಕಡೆ ಇರಲಿ. ಜಜ್ಜುವುದು ಕೊಕ್ಕಿನ ಬದಿ.

ಈ ಕತ್ತರಿ ಹುಟ್ಟಿದ ಹಿನ್ನೆಲೆ ಗೊತ್ತಿದ್ದರೆ ಅದರ ಆಕಾರ ಅರ್ಥವಾಗುತ್ತದೆ. 1980ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆ ಎಲೆಕ್ಟ್ರಿಕ್ ಕತ್ತರಿ ಬಂತು. ಅಲ್ಲಿನವರು ಚಳಿಗಾಲ ಪೂರ್ತಿ ದಿನಕ್ಕೆ ಸಾವಿರಗಟ್ಟಲೆ ಸಲ ಕೈಕತ್ತರಿ ಅದುಮಿ ಮಣಿಕಟ್ಟು ಹಾಳುಮಾಡಿಕೊಳ್ಳುತ್ತಿದ್ದರು. ಗಾಳಿ ಕಂಪ್ರೆಸರ್‌ನ ಕತ್ತರಿಗಳೂ ಇದ್ದವು. 10 ಬಾರ್ ಒತ್ತಡ, 40 ಮಿ.ಮೀ. ಪಿಸ್ಟನ್ ಅಂದರೆ 1250 ನ್ಯೂಟನ್ ಸಲೀಸಾಗಿ ಸಿಗುತ್ತದೆ. ಆದರೆ ಹಿಂದೆ ಪೈಪು ಎಳೆದುಕೊಂಡು ತಿರುಗಬೇಕು. ಫ್ರಾನ್ಸಿನ ಪೆಲೆಂಕ್, ಇನ್ಫಾಕೊ, ಸ್ವಿಟ್ಜರ್ಲೆಂಡಿನ ಫೆಲ್ಕೊ ಕಂಪನಿಯವರೆಲ್ಲ ಬ್ಯಾಟರಿಯನ್ನು ಬೆನ್ನಿಗೋ ಸೊಂಟಕ್ಕೋ ಕಟ್ಟಿ, ಕೈಯಲ್ಲಿ ಕೆ.ಜಿ.ಗಿಂತ ಕಡಿಮೆ ತೂಕ ಉಳಿಸಿದರು. ವಿಜಯಪುರದ ಕಡೆ ವರ್ಷಕ್ಕೆ ಎರಡು ಸಲ ದ್ರಾಕ್ಷಿ ಚಾಟ್ನಿ (ಬಳ್ಳಿ ಸವರುವುದು) ಮಾಡುವವರಿಗೆ ಆ ಕತ್ತರಿಗಳು ನೇರವಾಗಿ ಹೊಂದುತ್ತವೆ, ಬೆಲೆ ಹೊಂದಿದರೆ. ಕಾಫಿ ಗಿಡದ ಒಳಗೆ ಕೈ ತೂರಿಸುವಾಗ ಬೆನ್ನಿನಿಂದ ಬರುವ ವೈರು ಕೊಂಬೆಗೆ ಸಿಕ್ಕಿಕೊಳ್ಳುತ್ತದೆ, ಅದನ್ನು ತೋಳಿಗೆ ಕಟ್ಟಿಕೊಳ್ಳಬೇಕು.

ಬೆರಳಿನ ಮಾತು ಬಿಡುವ ಹಾಗಿಲ್ಲ. 20 ಮಿ.ಮೀ. ಕೊಂಬೆ ಕತ್ತರಿಸುವುದಕ್ಕೆ ಬೆರಳು ಲೆಕ್ಕವೇ ಅಲ್ಲ. ಗಾಯವಾಗುವುದು ಟ್ರಿಗರ್ ಹಿಡಿದ ಕೈಗಲ್ಲ, ಕೊಂಬೆ ಬಗ್ಗಿಸಿ ಹಿಡಿದ ಇನ್ನೊಂದು ಕೈಗೆ. ಯುರೋಪಿನ ಕೆಲವು ಮಾದರಿಗಳಲ್ಲಿ ಕೈ ಲೋಹಕ್ಕೆ ತಾಗಿದ್ದನ್ನು ಮೈಯ ವಿದ್ಯುತ್ ವಾಹಕತೆಯಿಂದ ಪತ್ತೆ ಮಾಡಿ ಬ್ಲೇಡ್ ಹಿಂದಕ್ಕೆ ಹೋಗುತ್ತದೆ. ನಿಮ್ಮದರಲ್ಲಿ ಅದು ಇರಲಾರದು. ಅದರಲ್ಲಿ ಟ್ರಿಗರ್ ಒತ್ತಿದರೆ ಪೂರ್ತಿ ಮುಚ್ಚುವ ರೀತಿ ಇದ್ದರೆ, ಬೆರಳು ಒತ್ತಿದಷ್ಟೇ ಬ್ಲೇಡ್ ಸರಿಯುವ ರೀತಿಗೆ ಬದಲಿಸಿಕೊಳ್ಳಿ. ಮಗನ ಪ್ರಾಜೆಕ್ಟಿನಲ್ಲೂ ಟ್ರಿಗರ್‌ಗೆ ಬರೀ ಸ್ವಿಚ್ ಹಾಕಬೇಡಿ. ಅಯಸ್ಕಾಂತ ಮತ್ತು ಅದು ಎಷ್ಟು ಹತ್ತಿರ ಇದೆ ಅಂತ ತಿಳಿಯುವ ಹಾಲ್ ಸೆನ್ಸರ್ ಹಾಕಿದರೆ ಬೆರಳಿನ ಜಾಗವೂ ಗೊತ್ತಾಗುತ್ತದೆ, ಧೂಳು ನೀರಿಗೆ ಕೆಡುವುದೂ ಇಲ್ಲ.

ಮರಗಸಿಗೆ ಈ ಕತ್ತರಿ ಆಗುವುದಿಲ್ಲ. ಸಿಲ್ವರ್ ಓಕ್, ಹಾಲುವಾಣದ ಕೊಂಬೆಗೆ ಕೋಲಿನ ತುದಿಯ ಚೈನ್ ಗರಗಸವೇ ಬೇಕು. ಅದರ ಕಷ್ಟ ತೂಕದ್ದು: ಮೂರು ಮೀಟರ್ ಕೋಲಿನ ತುದಿಗೆ ಎರಡು ಕೆ.ಜಿ. ಇದ್ದರೆ ಕೋಲು ಅಡ್ಡಕ್ಕೆ ಹಿಡಿದಾಗ ಬುಡದಲ್ಲಿ 60 ನ್ಯೂಟನ್-ಮೀಟರ್. ಎಂಜಿನ್ ಬುಡದಲ್ಲಿಟ್ಟು ಒಳಗೆ ಶಾಫ್ಟ್ ಹಾಕಿದರೆ ತುದಿ ಹಗುರ, ಆದರೆ ಶಾಫ್ಟ್ ನಡುಗುತ್ತದೆ. 8 ಮಿ.ಮೀ. ಉಕ್ಕಿನ ಶಾಫ್ಟನ್ನು ಎರಡು ತುದಿಯಲ್ಲಿ ಮಾತ್ರ ಹಿಡಿದು 2 ಮೀಟರ್ ಉದ್ದ ಬಿಟ್ಟರೆ ನಿಮಿಷಕ್ಕೆ 240 ಸುತ್ತಿನ ಸುಮಾರಿಗೇ ಅದು ಬಿಲ್ಲಿನಂತೆ ಬಾಗಿ ಕುಣಿಯಲು ಶುರು. 30 ಸೆಂ.ಮೀ.ಗೊಂದು ಬುಷ್ (ಶಾಫ್ಟ್ ಹಿಡಿಯುವ ಬಳೆ) ಕೊಟ್ಟರೆ ಆ ಮಿತಿ 10,000 ದಾಟುತ್ತದೆ. ಇದೆಲ್ಲ ಕಾರ್ಖಾನೆಯವರ ತಲೆನೋವು. ನಿಮ್ಮದು ಬೇರೆ: ಅಲ್ಯೂಮಿನಿಯಂ ಕೋಲಲ್ಲೂ ಕರೆಂಟು ಹರಿಯುತ್ತದೆ, ಅಡಿಕೆಗೆ ಬಳಸುವ ಕಾರ್ಬನ್ ಫೈಬರ್ ದೋಟಿಯಲ್ಲೂ ಹರಿಯುತ್ತದೆ. ಪ್ಲಾಸ್ಟಿಕ್ ತರಹ ಕಾಣುತ್ತದೆ ಅಂತ ಮೋಸ ಹೋಗಬೇಡಿ. ತೋಟದಲ್ಲಿ ಲೈನ್ ಹಾದುಹೋಗಿದ್ದರೆ ಆ ಸಾಲಿನ ಮರಗಳನ್ನು ಲೈನ್ ಆಫ್ ಮಾಡಿಸದೆ ಮುಟ್ಟಬೇಡಿ.

ಮಗನಿಗೆ ಒಂದು ಸಲಹೆ. ಮೋಟರ್ ಆರ್ಡರ್ ಮಾಡುವ ಮೊದಲು ಅಳತೆ ಮಾಡಲಿ. ಒಂದು ಕೈಕತ್ತರಿಯ ಒಂದು ಹಿಡಿಯನ್ನು ವೈಸ್‌ಗೆ ಕಚ್ಚಿಸಿ, ಇನ್ನೊಂದಕ್ಕೆ ಪೈಪು ಕೂಡಿಸಿ ಬೋಲ್ಟಿನಿಂದ ಅರ್ಧ ಮೀಟರ್ ಉದ್ದ ಮಾಡಲಿ. ಪೈಪಿನ ತುದಿಗೆ ನೇತುಹಾಕುವ ಡಿಜಿಟಲ್ ತೂಕದ ಮಾಪಕ ಕಟ್ಟಿ ನಿಧಾನ ಎಳೆಯಲಿ. ಮಾಪಕ 8 ಕೆ.ಜಿ. ತೋರಿಸಿದರೆ ಹೆಚ್ಚುಕಡಿಮೆ 40 ನ್ಯೂಟನ್-ಮೀಟರ್. ನಿಮ್ಮ ತೋಟದ್ದೇ ಕೊಂಬೆಗಳು: ಹಸಿ, ಒಣಗಿದ್ದು, ಗಂಟಿರುವುದು. ವರ್ನಿಯರ್‌ನಲ್ಲಿ ದಪ್ಪ ಅಳೆದು, ಬೋಲ್ಟಿನಿಂದ ದೂರ ಅಳೆದು ಬರೆದಿಡಲಿ. ಆಮೇಲೆ ಸಂದು ಬೇಕಂತಲೇ ಸಡಿಲಿಸಿ ಮತ್ತೆ ಅಳೆಯಲಿ. ಕಾಫಿ ಕೊಂಬೆಗೆ ಸಂದು ಎಷ್ಟು ದುಬಾರಿ ಅನ್ನುವ ಆ ಒಂದು ಗ್ರಾಫೇ ಒಳ್ಳೆಯ ಪ್ರಾಜೆಕ್ಟ್ ವರದಿಯ ಅರ್ಧ.

ನಿಮ್ಮ ಹಳೆಯ ಕತ್ತರಿಗೆ ಲೇತ್‌ನವರ ಹತ್ತಿರ ಗೇರ್ ಮಾಡಿಸಲು ಹೋಗಬೇಡಿ. ಒಂದೇ ಒಂದು ಬೆವೆಲ್ ಗೇರನ್ನು ಗೇರ್ ಮಾಡಲು ಬಳಸುವ ಇಎನ್ 353 ಉಕ್ಕಿನಲ್ಲಿ ಕೊರೆಸಿ ಹದ ಮಾಡಿಸುವ ಖರ್ಚಿಗೆ ಇನ್ನೊಂದು ಕತ್ತರಿಯೇ ಬರಬಹುದು. ಬ್ಲೇಡ್ ಮತ್ತು ಗೇರ್ ಸೇರಿದ ಸ್ಪೇರ್ ಸೆಟ್ ಸಿಗುತ್ತದಾ ನೋಡಿ. ಸಿಕ್ಕರೆ ಗುರುತು ಕೂಡಿಸಿ ಜೋಡಿಸಿ, ಗ್ರೀಸ್ ಹಾಕಿ, ಬೋಲ್ಟ್ ಬಿಗಿ ನೋಡಿ, 20 ಮಿ.ಮೀ.ವರೆಗೆ ಬಳಸಿ. ಸಿಗದಿದ್ದರೆ ಮೋಟರ್, ಕಂಟ್ರೋಲರ್, ಬ್ಯಾಟರಿ ಮೂರೂ ಚೆನ್ನಾಗಿವೆಯಲ್ಲ, ಮಗನಿಗೆ ಕೊಟ್ಟುಬಿಡಿ.